ದೇಹದ ಸಹಜ ರಕ್ಷಣಾ ಶಕ್ತಿ ಮತ್ತು ದಿನನಿತ್ಯದ ಆಹಾರ

(ಮುಂಬಯಿ ಹಾಗೂ ಉಪನಗರಗಳ ಕನ್ನಡ ಕುಟುಂಬಗಳಿಗಾಗಿ ಸಿದ್ಧಪಡಿಸಲಾದ ಭಾಷಣದ ಪಠ್ಯ)



ಮುಂಬಯಿಯಲ್ಲಿ ಮನೆ ಮಾಡಿಕೊಂಡಿರುವ ಪ್ರತಿಯೊಬ್ಬರಿಗೂ ತುಕ್ಕಿನ ಪರಿಚಯವಿದೆ. ಸಮುದ್ರದ ಉಪ್ಪುಗಾಳಿ ಮತ್ತು ನಾಲ್ಕು ತಿಂಗಳ ಮಳೆ ಸೇರಿ ಕಿಟಕಿಯ ಸರಳುಗಳನ್ನು, ಬಾಲ್ಕನಿಯ ಕಂಬಿಗಳನ್ನು, ನೀರಿನ ಕೊಳಾಯಿಗಳನ್ನು ವರ್ಷ ವರ್ಷವೂ ತಿನ್ನುತ್ತವೆ. ಬಣ್ಣ ಬಳಿದ ಸರಳು ಉಳಿದುಕೊಳ್ಳುತ್ತದೆ. ಅಲಕ್ಷ್ಯಕ್ಕೆ ಒಳಗಾದ ಸರಳು ಪದರ ಪದರವಾಗಿ ಉದುರುತ್ತದೆ. ಕತ್ತರಿಸಿಟ್ಟ ಬದನೆಕಾಯಿ ಕಪ್ಪಾಗುವುದಕ್ಕೂ, ಬಹಳ ದಿನ ಇಟ್ಟ ಎಣ್ಣೆ ಕಮಟು ವಾಸನೆ ಬೀರುವುದಕ್ಕೂ ಮೂಲ ಕಾರಣ ಇದೇ ಬಗೆಯದು. ಗಾಳಿಯಲ್ಲಿರುವ ಆಮ್ಲಜನಕವು ಪದಾರ್ಥದೊಡನೆ ಸೇರಿ ಅದರ ಗುಣವನ್ನು ಬದಲಿಸುತ್ತದೆ. ವಿಜ್ಞಾನದಲ್ಲಿ ಇದನ್ನು ಉತ್ಕರ್ಷಣ ಎಂದು ಕರೆಯಲಾಗುತ್ತದೆ.

ಯಾವ ಆಮ್ಲಜನಕವಿಲ್ಲದೆ ಮನುಷ್ಯನು ಕೆಲವು ನಿಮಿಷಗಳ ಕಾಲವೂ ಬದುಕಲಾರನೋ, ಅದೇ ಆಮ್ಲಜನಕವು ಅವನ ದೇಹದೊಳಗೂ ಇಂಥ ಕ್ರಿಯೆಯನ್ನು ನಡೆಸುತ್ತಿರುತ್ತದೆ ಎಂಬುದು ಅನೇಕರಿಗೆ ಆಶ್ಚರ್ಯದ ಸಂಗತಿಯಾಗಿ ಕಾಣಬಹುದು. ಆದರೆ ದೇಹವು ಕಬ್ಬಿಣದ ಸರಳಿನಂತೆ ನಿರ್ಜೀವವಲ್ಲ. ಅದು ತನ್ನ ರಕ್ಷಣೆಯ ಲೇಪವನ್ನು ತಾನೇ ತಯಾರಿಸಿಕೊಳ್ಳುತ್ತದೆ, ಹಳೆಯದನ್ನು ಪ್ರತಿದಿನವೂ ಹೊಸದಾಗಿಸುತ್ತದೆ. ಆ ಲೇಪಕ್ಕೆ ಬೇಕಾದ ಸಾಮಗ್ರಿ ಬರುವುದು ಆಹಾರದಿಂದ. ಆ ಸಾಮಗ್ರಿ ಯಾವುದು, ಈ ಮಹಾನಗರದಲ್ಲಿ ಸಾಧಾರಣ ವರಮಾನದ ಕುಟುಂಬಕ್ಕೆ ಅದು ಎಲ್ಲಿ ದೊರೆಯುತ್ತದೆ, ಹಣ ಎಲ್ಲಿ ವ್ಯರ್ಥವಾಗುತ್ತಿದೆ ಎಂಬುದೇ ಇಂದಿನ ಭಾಷಣದ ವಿಷಯ.

ದೇಹದೊಳಗಿನ ಒಲೆ

ಉಂಡ ಅನ್ನವು ಜೀವಕೋಶಗಳಲ್ಲಿ ಆಮ್ಲಜನಕದ ನೆರವಿನಿಂದ ಉರಿದು ಶಕ್ತಿಯಾಗಿ ಪರಿವರ್ತನೆ ಹೊಂದುತ್ತದೆ. ಯಾವುದೇ ಒಲೆಯಲ್ಲಿ ಕಿಡಿಗಳು ಸಿಡಿಯುವಂತೆ ಈ ಒಲೆಯಲ್ಲಿಯೂ ಕೆಲವು ಕಿಡಿಗಳು ಸಿಡಿಯುತ್ತವೆ. ಇವು ಎಲೆಕ್ಟ್ರಾನಿನ ಜೋಡಿ ತಪ್ಪಿದ, ಅಸ್ಥಿರವಾದ ಕಣಗಳು. ಇವುಗಳಿಗೆ ಮುಕ್ತ ರಾಡಿಕಲ್‌ಗಳು ಎಂದು ಹೆಸರು. ತಮಗೆ ಕೊರತೆಯಾದ ಎಲೆಕ್ಟ್ರಾನನ್ನು ಪಕ್ಕದ ಅಣುವಿನಿಂದ ಕಸಿದುಕೊಳ್ಳುವುದು ಇವುಗಳ ಸ್ವಭಾವ. ಹಾಗೆ ಕಳೆದುಕೊಂಡ ಅಣುವು ಇನ್ನೊಂದರಿಂದ ಕಸಿಯುತ್ತದೆ. ಈ ಸರಪಳಿ ತಡೆಯಿಲ್ಲದೆ ಮುಂದುವರಿದರೆ ಜೀವಕೋಶದ ಹೊರಪೊರೆಯಲ್ಲಿರುವ ಕೊಬ್ಬು, ಅದರೊಳಗಿನ ಪ್ರೋಟೀನು, ಕೊನೆಗೆ ವಂಶವಾಹಿ ದ್ರವ್ಯವೂ ಹಾನಿಗೊಳಗಾಗುತ್ತದೆ.

ವಯಸ್ಸಾಗುವಿಕೆಗೂ ಈ ಕಣಗಳಿಗೂ ಸಂಬಂಧವಿರಬಹುದೆಂಬ ಸಿದ್ಧಾಂತವನ್ನು ಅಮೆರಿಕದ ಡೆನ್‌ಹ್ಯಾಮ್ ಹರ್ಮನ್ 1956ರಲ್ಲಿ ಮಂಡಿಸಿದರು. 1969ರಲ್ಲಿ ಅದೇ ದೇಶದ ಮ್ಯಾಕ್‌ಕಾರ್ಡ್ ಮತ್ತು ಫ್ರಿಡೋವಿಚ್ ಎಂಬ ವಿಜ್ಞಾನಿಗಳು ಇಂಥ ಕಣವೊಂದನ್ನು ನಿಷ್ಕ್ರಿಯಗೊಳಿಸುವ ಕಿಣ್ವವು ದೇಹದಲ್ಲಿಯೇ ಇರುವುದನ್ನು ತೋರಿಸಿಕೊಟ್ಟರು. ಹೃದಯ ಮತ್ತು ರಕ್ತನಾಳಗಳ ಬೇನೆ, ಕಣ್ಣಿನ ಪೊರೆ, ಕೆಲವು ಬಗೆಯ ಕ್ಯಾನ್ಸರ್, ಮಧುಮೇಹದ ತೊಡಕುಗಳು ಮುಂತಾದವುಗಳಲ್ಲಿ ಉತ್ಕರ್ಷಣದ ಹಾನಿಯೂ ಒಂದು ಪಾತ್ರ ವಹಿಸುತ್ತದೆಂದು ಅನಂತರದ ಸಂಶೋಧನೆಗಳು ಸೂಚಿಸಿವೆ.

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸುವುದು ಅಗತ್ಯ. ಮುಕ್ತ ರಾಡಿಕಲ್‌ಗಳು ಸಂಪೂರ್ಣವಾಗಿ ಶತ್ರುಗಳಲ್ಲ. ರಕ್ತದ ಬಿಳಿಯ ಕಣಗಳು ರೋಗಾಣುಗಳನ್ನು ಕೊಲ್ಲಲು ಇವುಗಳನ್ನೇ ಆಯುಧವಾಗಿ ಬಳಸುತ್ತವೆ. ಜೀವಕೋಶಗಳ ನಡುವೆ ಸಂಕೇತಗಳನ್ನು ಒಯ್ಯುವ ಕೆಲಸದಲ್ಲಿಯೂ ಇವು ಪಾಲ್ಗೊಳ್ಳುತ್ತವೆ. ಒಲೆಯಲ್ಲಿ ಬೆಂಕಿಯೇ ಇರಬಾರದೆಂದು ಯಾರೂ ಬಯಸುವುದಿಲ್ಲ. ಬೆಂಕಿ ಒಲೆಯ ಹೊರಗೆ ಹಬ್ಬಬಾರದೆಂದಷ್ಟೇ ಬಯಸುತ್ತಾರೆ. ದೇಹಕ್ಕೆ ಬೇಕಾಗಿರುವುದೂ ಸಮತೋಲನವೇ. ಈ ಸೂಕ್ಷ್ಮವನ್ನು ಮರೆತಾಗ ಎಂಥ ಅನರ್ಥವಾಯಿತೆಂಬುದನ್ನು ಮುಂದೆ ವಿವರಿಸಲಾಗುವುದು.

ಕಾವಲುಗಾರರು ಮತ್ತು ಅವರ ಆಹಾರ

ದೇಹದ ಸಹಜ ರಕ್ಷಣಾ ವ್ಯವಸ್ಥೆಯಲ್ಲಿ ಎರಡು ಪಂಗಡಗಳಿವೆ. ಮೊದಲನೆಯದು ದೇಹವು ತಾನೇ ತಯಾರಿಸುವ ಕಿಣ್ವಗಳು. ಇವುಗಳಲ್ಲಿ ಸೂಪರಾಕ್ಸೈಡ್ ಡಿಸ್ಮ್ಯುಟೇಸ್, ಕ್ಯಾಟಲೇಸ್ ಮತ್ತು ಗ್ಲುಟಾಥಯೋನ್ ಪೆರಾಕ್ಸಿಡೇಸ್ ಎಂಬ ಮೂರು ಮುಖ್ಯವಾದವು. ಎರಡನೆಯದು ಆಹಾರದಿಂದ ನೇರವಾಗಿ ಬರುವ ಪದಾರ್ಥಗಳು. ಜೀವಸತ್ವ ಸಿ, ಜೀವಸತ್ವ ಇ, ಹಸಿರು ಹಾಗೂ ಹಳದಿ ಬಣ್ಣದ ತರಕಾರಿಗಳ ಕೆರೋಟಿನ್, ಹಣ್ಣು, ಕಾಳು, ಚಹ ಮತ್ತು ಸಾಂಬಾರ ಪದಾರ್ಥಗಳಲ್ಲಿರುವ ಪಾಲಿಫೀನಾಲ್‌ಗಳು ಈ ಪಂಗಡಕ್ಕೆ ಸೇರುತ್ತವೆ.

ಜಾಹೀರಾತುಗಳು ಸಾಮಾನ್ಯವಾಗಿ ಎರಡನೆಯ ಪಂಗಡವನ್ನು ಕುರಿತು ಮಾತ್ರ ಮಾತನಾಡುತ್ತವೆ. ವಾಸ್ತವವಾಗಿ ಹೆಚ್ಚಿನ ಭಾರವನ್ನು ಹೊರುವುದು ಮೊದಲನೆಯ ಪಂಗಡ. ಈ ಕಿಣ್ವಗಳೆಲ್ಲವೂ ಪ್ರೋಟೀನಿನಿಂದ ಆದವುಗಳು. ಅವು ಕೆಲಸ ಮಾಡಲು ಸತು, ತಾಮ್ರ, ಮ್ಯಾಂಗನೀಸ್, ಕಬ್ಬಿಣ, ಸೆಲೆನಿಯಂ ಎಂಬ ಖನಿಜಗಳು ಅತ್ಯಲ್ಪ ಪ್ರಮಾಣದಲ್ಲಾದರೂ ಬೇಕೇ ಬೇಕು. ಗ್ಲುಟಾಥಯೋನ್ ಎಂಬ ಪದಾರ್ಥವನ್ನು ದೇಹವು ಮೂರು ಅಮೈನೊ ಆಮ್ಲಗಳಿಂದ ಹೆಣೆದುಕೊಳ್ಳುತ್ತದೆ. ಅವುಗಳಲ್ಲೊಂದಾದ ಗಂಧಕಯುಕ್ತ ಸಿಸ್ಟೀನ್ ಬೇಳೆಯಲ್ಲಿ ಕಡಿಮೆ, ಧಾನ್ಯದಲ್ಲಿ ತಕ್ಕಮಟ್ಟಿಗೆ ಇರುತ್ತದೆ. ಧಾನ್ಯದಲ್ಲಿ ಕೊರತೆಯಾಗುವ ಲೈಸೀನ್ ಎಂಬ ಇನ್ನೊಂದು ಅಮೈನೊ ಆಮ್ಲವು ಬೇಳೆಯಲ್ಲಿ ದೊರೆಯುತ್ತದೆ. ಅಕ್ಕಿ ಮತ್ತು ಉದ್ದು ಸೇರಿದ ಇಡ್ಲಿ, ಅನ್ನ ಮತ್ತು ತೊಗರಿಬೇಳೆಯ ಸಾರು, ರೊಟ್ಟಿ ಮತ್ತು ಕಾಳಿನ ಪಲ್ಯ ಇವು ಹಿರಿಯರು ಅನುಭವದಿಂದ ಕಂಡುಕೊಂಡ ಜೋಡಿಗಳು. ಇಂದಿನ ಪೋಷಣಾ ವಿಜ್ಞಾನವು ಅವುಗಳ ಯುಕ್ತತೆಯನ್ನು ಎತ್ತಿಹಿಡಿದಿದೆ.

ಬಳಕೆಯಾದ ಗ್ಲುಟಾಥಯೋನನ್ನು ಮತ್ತೆ ಉಪಯೋಗಕ್ಕೆ ಬರುವಂತೆ ಮಾಡುವ ಕಿಣ್ವಕ್ಕೆ ಬಿ-2 ಜೀವಸತ್ವವಾದ ರೈಬೊಫ್ಲೇವಿನ್ ಅವಶ್ಯಕ. ಇದು ಹಾಲು, ಮೊಸರು, ಮೊಟ್ಟೆ ಮತ್ತು ಸೊಪ್ಪುಗಳಿಂದ ದೊರೆಯುತ್ತದೆ. ಮಕ್ಕಳ ಬಾಯಿಯ ಮೂಲೆ ಬಿರಿದು ಹುಣ್ಣಾಗುವುದು, ನಾಲಿಗೆ ಕೆಂಪಾಗಿ ಉರಿಯುವುದು ಈ ಜೀವಸತ್ವದ ಕೊರತೆಯ ಸಾಮಾನ್ಯ ಚಿಹ್ನೆಗಳು. ಈ ಕೊರತೆಯನ್ನು ಪ್ರಯೋಗಾಲಯದಲ್ಲಿ ಪತ್ತೆ ಮಾಡುವ ಪರೀಕ್ಷೆಯು ಕೆಂಪು ರಕ್ತಕಣಗಳಲ್ಲಿ ಇದೇ ಕಿಣ್ವದ ಚಟುವಟಿಕೆಯನ್ನು ಅಳೆಯುತ್ತದೆ ಎಂಬುದು ಗಮನಾರ್ಹ. ಹೊರಗೆ ಕಾಣುವ ಚಿಕ್ಕ ಹುಣ್ಣು ಒಳಗಿನ ಕಾವಲು ಸಡಿಲಗೊಂಡಿರುವುದರ ಸೂಚನೆಯಾಗಿರಬಹುದು.

ಆದುದರಿಂದ ಮೊದಲನೆಯ ಸೂತ್ರ ಸರಳವಾದದ್ದು. ಹೊಟ್ಟೆ ತುಂಬ, ಹೊತ್ತಿಗೆ ಸರಿಯಾಗಿ, ಧಾನ್ಯ, ಬೇಳೆ, ಹಾಲು ಅಥವಾ ಮೊಸರು, ಸೊಪ್ಪು ಮತ್ತು ಹಣ್ಣು ಸೇರಿದ ಊಟ ಮಾಡದವರಿಗೆ ಯಾವ ವಿಶೇಷ ಪದಾರ್ಥವೂ ರಕ್ಷಣೆ ನೀಡಲಾರದು.

ಮಹಾನಗರದ ಹೊರೆ

ವಿರಾರ, ಕಲ್ಯಾಣ, ಪನ್ವೇಲ್‌ಗಳಿಂದ ಬೆಳಗಿನ ಜಾವದ ಲೋಕಲ್ ಗಾಡಿ ಹಿಡಿದು ದುಡಿಮೆಗೆ ಹೊರಡುವವರ ದಿನಚರಿಯಲ್ಲಿ ಈ ಕಾವಲುಗಾರರ ಮೇಲೆ ಬೀಳುವ ಹೊರೆ ಹಳ್ಳಿಯ ಬದುಕಿಗಿಂತ ಭಿನ್ನವಾದದ್ದು. ವಾಹನಗಳ ಹೊಗೆ, ಕಟ್ಟಡ ಕಾಮಗಾರಿಯ ಧೂಳು, ನಿದ್ರೆಯ ಕೊರತೆ, ಅವಸರದ ಊಟ ಇವೆಲ್ಲ ಒಟ್ಟುಗೂಡುತ್ತವೆ. ಗಾಳಿಯನ್ನು ಒಬ್ಬ ವ್ಯಕ್ತಿಯು ತಾನೊಬ್ಬನೇ ಶುದ್ಧಗೊಳಿಸಲಾರ. ಆದರೆ ಎರಡು ಹೊರೆಗಳನ್ನು ಇಳಿಸುವುದು ಆಯಾ ವ್ಯಕ್ತಿಯ ಕೈಯಲ್ಲಿಯೇ ಇದೆ.

ಮೊದಲನೆಯದು ತಂಬಾಕು. ಬೀಡಿ, ಸಿಗರೇಟುಗಳ ಪ್ರತಿಯೊಂದು ಸೇದುವಿಕೆಯೂ ಅಗಣಿತ ಮುಕ್ತ ರಾಡಿಕಲ್‌ಗಳನ್ನು ನೇರವಾಗಿ ಶ್ವಾಸಕೋಶದೊಳಕ್ಕೆ ಒಯ್ಯುತ್ತದೆ. ಧೂಮಪಾನ ಮಾಡುವವರ ದೇಹದಲ್ಲಿ ಜೀವಸತ್ವ ಸಿ ಎಷ್ಟು ಬೇಗ ಖರ್ಚಾಗುತ್ತದೆಂದರೆ, ಅವರಿಗೆ ದಿನಕ್ಕೆ 35 ಮಿಲಿಗ್ರಾಂನಷ್ಟು ಹೆಚ್ಚುವರಿ ಅಗತ್ಯವಿದೆಯೆಂದು ಅಮೆರಿಕದ ತಜ್ಞರು ನಿಗದಿಪಡಿಸಿದ್ದಾರೆ. ಮುಂಬಯಿಯ ಸಹಸ್ರಾರು ನಿವಾಸಿಗಳನ್ನು 1990ರ ದಶಕದಲ್ಲಿ ವರ್ಷಗಳ ಕಾಲ ಗಮನಿಸಿ ನಡೆಸಲಾದ ಅಧ್ಯಯನವೊಂದರಲ್ಲಿ ತಂಬಾಕು ಬಳಸುವವರ ಮರಣ ಪ್ರಮಾಣವು ಬಳಸದವರಿಗಿಂತ ಹೆಚ್ಚಿದ್ದುದು ಕಂಡುಬಂದಿತು. ಬೀಡಿಯು ಸಿಗರೇಟಿಗಿಂತ ನಿರಪಾಯಕಾರಿ ಎಂಬ ನಂಬಿಕೆಗೂ ಅಲ್ಲಿ ಆಧಾರ ದೊರೆಯಲಿಲ್ಲ. ಬೀಡಿ ಸೇದುವವರ ಸ್ಥಿತಿ ಇನ್ನೂ ಕೆಟ್ಟದಾಗಿತ್ತು. ಹಲ್ಲುಜ್ಜಲು ಬಳಸುವ ಸುಟ್ಟ ತಂಬಾಕಿನ ಪುಡಿಯಾದ ಮಿಶ್ರಿಯೂ, ಎಲೆಯಡಿಕೆಯೊಡನೆ ಅಗಿಯುವ ತಂಬಾಕೂ ಇದಕ್ಕೆ ಹೊರತಲ್ಲ. ಮಹಾರಾಷ್ಟ್ರ ಸರ್ಕಾರವು 2012ರಲ್ಲಿ ಗುಟ್ಕಾ ನಿಷೇಧಿಸಿದ್ದನ್ನು ಇಲ್ಲಿ ಸ್ಮರಿಸಬಹುದು. ತಂಬಾಕನ್ನು ಬಿಡದೆ ನೆಲ್ಲಿಕಾಯಿ ತಿನ್ನುವುದೆಂದರೆ ತೂತಾದ ಕೊಡಕ್ಕೆ ನೀರು ತುಂಬಿದಂತೆ.

ಎರಡನೆಯದು ಮತ್ತೆ ಮತ್ತೆ ಕಾಯಿಸಿದ ಎಣ್ಣೆ. ವಡೆ, ಭಜಿ ಕರಿದ ಎಣ್ಣೆಯನ್ನೇ ಮರುದಿನವೂ ಕಾಯಿಸಿದಾಗ ಅದರಲ್ಲಿನ ಕೊಬ್ಬು ಉತ್ಕರ್ಷಣಗೊಂಡು ಹಾನಿಕಾರಕ ಪದಾರ್ಥಗಳು ಹೆಚ್ಚುತ್ತವೆ, ಜೀವಸತ್ವ ಇ ನಾಶವಾಗುತ್ತದೆ. ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರವು ಕರಿದ ಎಣ್ಣೆಯಲ್ಲಿ ಇಂಥ ಧ್ರುವೀಯ ಸಂಯುಕ್ತಗಳು ಶೇಕಡ 25ನ್ನು ಮೀರಬಾರದೆಂಬ ನಿಯಮವನ್ನು 2018ರ ಜುಲೈ 1ರಿಂದ ಜಾರಿಗೆ ತಂದಿದೆ. ಎಣ್ಣೆ ಕಪ್ಪಾಗಿ, ಮಂದವಾಗಿ, ನೊರೆ ಬರುತ್ತಿದ್ದರೆ ಅದನ್ನು ಅಡುಗೆಗೆ ಬಳಸದಿರುವುದು ಮನೆಗೂ ಹೋಟೆಲಿಗೂ ಸಮಾನವಾಗಿ ಅನ್ವಯಿಸುವ ನಿಯಮ. ಉಡುಪಿ ಹೋಟೆಲುಗಳ ಮೂಲಕ ಈ ನಗರಕ್ಕೆ ಇಡ್ಲಿ, ಸಾಂಬಾರುಗಳಂಥ ಹಬೆಯ ಮತ್ತು ಬೇಳೆಯ ಆಹಾರವನ್ನು ಪರಿಚಯಿಸಿದ ಕನ್ನಡಿಗರು ಈ ವಿಷಯದಲ್ಲಿಯೂ ಮಾದರಿಯಾಗಬಲ್ಲರು.

ಪರೇಲಿನ ಪಾಠ, ಬಾಂದ್ರಾದ ಪ್ರಯೋಗ

ಸೊಪ್ಪು, ಹಣ್ಣು, ಹಾಲುಗಳ ಮಹತ್ವವನ್ನು ತಿಳಿಯಲು ದೂರ ದೇಶಕ್ಕೆ ಹೋಗಬೇಕಾಗಿಲ್ಲ. ಮುಂಬಯಿ ನಗರವೇ ಅದಕ್ಕೆ ಎರಡು ಬಾರಿ ಸಾಕ್ಷಿ ನುಡಿದಿದೆ.

1928ರಲ್ಲಿ ಲೂಸಿ ವಿಲ್ಸ್ ಎಂಬ ಆಂಗ್ಲ ವೈದ್ಯೆ ಮುಂಬಯಿಗೆ ಬಂದರು. ಇಲ್ಲಿನ ಬಟ್ಟೆ ಗಿರಣಿಗಳಲ್ಲಿ ದುಡಿಯುತ್ತಿದ್ದ ಬಡ ಗರ್ಭಿಣಿಯರಲ್ಲಿ ಕಂಡುಬರುತ್ತಿದ್ದ ತೀವ್ರ ರಕ್ತಹೀನತೆಯ ಕಾರಣವನ್ನು ಹುಡುಕುವುದು ಅವರ ಉದ್ದೇಶವಾಗಿತ್ತು. ಪರೇಲಿನ ಹ್ಯಾಫ್‌ಕಿನ್ ಸಂಸ್ಥೆಯಲ್ಲಿ ಅವರು ಕೆಲಸ ಮಾಡಿದರು. ರೋಗಾಣುವನ್ನು ಹುಡುಕಿದರು, ದೊರೆಯಲಿಲ್ಲ. ರೋಗಿಗಳ ಊಟವನ್ನು ಪರಿಶೀಲಿಸಿದಾಗ ಹಣ್ಣು, ತರಕಾರಿಗಳ ಕೊರತೆ ಎದ್ದು ಕಂಡಿತು. ಅಗ್ಗದ ಯೀಸ್ಟ್ ಸಾರವನ್ನು ಕೊಟ್ಟಾಗ ಆ ಸ್ತ್ರೀಯರು ಚೇತರಿಸಿಕೊಂಡರು. ಈ ಫಲಿತಾಂಶ 1931ರಲ್ಲಿ ಪ್ರಕಟವಾಯಿತು. ಆ ಅಜ್ಞಾತ ಅಂಶವೇ ಮುಂದೆ ಫೋಲಿಕ್ ಆಮ್ಲವೆಂದು ಗುರುತಿಸಲ್ಪಟ್ಟಿತು. 1941ರಲ್ಲಿ ಅದನ್ನು ಪಾಲಕ್ ಸೊಪ್ಪಿನಿಂದ ಬೇರ್ಪಡಿಸಿದಾಗ, ಎಲೆ ಎಂಬ ಅರ್ಥದ ಲ್ಯಾಟಿನ್ ಪದದಿಂದಲೇ ಅದಕ್ಕೆ ಹೆಸರಿಡಲಾಯಿತು. ಇದು ಮುಖ್ಯವಾಗಿ ರಕ್ತವೃದ್ಧಿಗೆ ಸಂಬಂಧಿಸಿದ ಜೀವಸತ್ವವೇ ಹೊರತು ಉತ್ಕರ್ಷಣ ನಿರೋಧಕವೆಂದು ಪ್ರಸಿದ್ಧವಾದದ್ದಲ್ಲ. ಆದರೂ ಹೊಟ್ಟೆಗೆ ಅನ್ನ ಬಿದ್ದ ಮಾತ್ರಕ್ಕೆ ಹಸಿವು ಪೂರ್ತಿ ತೀರುವುದಿಲ್ಲ, ಕಣ್ಣಿಗೆ ಕಾಣದ ಇನ್ನೊಂದು ಹಸಿವು ಉಳಿದಿರುತ್ತದೆ ಎಂಬ ಪಾಠವನ್ನು ಗಿರಣಿಯ ಆ ಕೂಲಿ ಸ್ತ್ರೀಯರೇ ಜಗತ್ತಿಗೆ ಕಲಿಸಿದರು.

ಎರಡನೆಯ ಸಾಕ್ಷಿ ಇತ್ತೀಚಿನದು. 2006ರಿಂದ 2012ರವರೆಗೆ ಬಾಂದ್ರಾ, ಖಾರ್, ಸಾಂತಾಕ್ರೂಜ್ ಮತ್ತು ಅಂಧೇರಿಯ ಕೊಳೆಗೇರಿಗಳಲ್ಲಿ ಸರಸ್ ಎಂಬ ಯೋಜನೆ ನಡೆಯಿತು. ಬಾಂದ್ರಾದ ಸಾಮಾಜಿಕ ಪರಿವರ್ತನೆಯ ಅಧ್ಯಯನ ಕೇಂದ್ರದ ಡಾ. ರಮೇಶ್ ಪೋತದಾರ್ ಮತ್ತು ಇಂಗ್ಲೆಂಡಿನ ಸೌತಾಂಪ್ಟನ್ನಿನ ಡಾ. ಕ್ಯಾರೊಲೈನ್ ಫಾಲ್ ಮುಂತಾದವರು ಇದರ ಹಿಂದಿದ್ದರು. 6,500ಕ್ಕೂ ಹೆಚ್ಚು ವಿವಾಹಿತ ಸ್ತ್ರೀಯರು ಇದರಲ್ಲಿ ಸೇರಿದ್ದರು. ಒಂದು ಗುಂಪಿಗೆ ಹಸಿರು ಸೊಪ್ಪು, ಹಣ್ಣು ಮತ್ತು ಹಾಲಿನ ಅಂಶವಿದ್ದ ತಿಂಡಿಯನ್ನೂ, ಇನ್ನೊಂದು ಗುಂಪಿಗೆ ಆಲೂಗಡ್ಡೆ, ಈರುಳ್ಳಿಯಂಥ ಕಡಿಮೆ ಪೋಷಕಾಂಶದ ತರಕಾರಿಯ ತಿಂಡಿಯನ್ನೂ ಗರ್ಭಧಾರಣೆಗೆ ಮೊದಲಿನಿಂದಲೇ, ಮನೆಯ ಊಟದ ಜೊತೆಗೆ ಹೆಚ್ಚುವರಿಯಾಗಿ ಕೊಡಲಾಯಿತು. ತಿಂಡಿಯ ಆಕಾರ, ರುಚಿಗಳು ಮುಂಬಯಿಯ ಬೀದಿ ತಿಂಡಿಗಳಂತೆಯೇ ಇದ್ದವು. ಅದನ್ನು ಕೇಂದ್ರದಲ್ಲಿಯೇ ಕುಳಿತು ತಿನ್ನಬೇಕಾಗಿತ್ತು.

ಫಲಿತಾಂಶವನ್ನು ಉತ್ಪ್ರೇಕ್ಷೆಯಿಲ್ಲದೆ ಹೇಳುವುದು ಯುಕ್ತ. ಎಲ್ಲರನ್ನೂ ಒಟ್ಟಿಗೆ ತೆಗೆದುಕೊಂಡಾಗ ಶಿಶುಗಳ ಜನನ ತೂಕದಲ್ಲಿ ಖಚಿತವಾದ ವ್ಯತ್ಯಾಸ ಕಾಣಲಿಲ್ಲ. ಆದರೆ ಗರ್ಭಧಾರಣೆಗೆ ಕನಿಷ್ಠ ಮೂರು ತಿಂಗಳು ಮೊದಲೇ ತಿಂಡಿ ಆರಂಭಿಸಿದ್ದ ತಾಯಂದಿರ ಶಿಶುಗಳು ಸರಾಸರಿ 48 ಗ್ರಾಂ ಹೆಚ್ಚು ತೂಗಿದವು. ತೀರ ಕೃಶರಾಗಿದ್ದ ತಾಯಂದಿರಿಗೆ ಈ ಲಾಭ ಕಡಿಮೆ ದೊರೆಯಿತು. ಗರ್ಭಕಾಲದ ಮಧುಮೇಹವು ಸೊಪ್ಪಿನ ತಿಂಡಿ ತಿಂದವರಲ್ಲಿ ಶೇಕಡ 7.3, ಇನ್ನೊಂದು ಗುಂಪಿನಲ್ಲಿ ಶೇಕಡ 12.4 ಇದ್ದಿತು. ಇದು ಉತ್ಕರ್ಷಣ ನಿರೋಧಕಗಳೊಂದರಿಂದಲೇ ಆಯಿತೆಂದು ಯಾರೂ ಹೇಳಲಾರರು. ಸೊಪ್ಪಿನಲ್ಲಿ, ಹಣ್ಣಿನಲ್ಲಿ, ಹಾಲಿನಲ್ಲಿ ಅನೇಕ ಪೋಷಕಾಂಶಗಳು ಒಟ್ಟಿಗೆ ಇವೆ. ಇದರಿಂದ ಕಲಿಯಬೇಕಾದ ಅಂಶಗಳು ಮೂರು. ಆಹಾರವು ಇಡಿಯಾಗಿ ಕೆಲಸ ಮಾಡುತ್ತದೆ. ಅದು ನಿಧಾನವಾಗಿ ಕೆಲಸ ಮಾಡುತ್ತದೆ. ಬಹಳ ತಡವಾಗಿ ಅಥವಾ ತೀರ ಬರಿದಾದ ದೇಹದಲ್ಲಿ ಆರಂಭಿಸಿದರೆ ಅದರ ಫಲ ಕುಗ್ಗುತ್ತದೆ.

ಗುಳಿಗೆಯ ಭ್ರಮೆ

ಹಾಗಾದರೆ ಸೊಪ್ಪು, ಹಣ್ಣುಗಳಲ್ಲಿರುವ ಆ ಅಂಶಗಳನ್ನೇ ಗುಳಿಗೆ ಮಾಡಿ ನುಂಗಿದರೆ ಸಾಲದೆ ಎಂಬ ಪ್ರಶ್ನೆ ಸಹಜ. ವಿಜ್ಞಾನಿಗಳೂ ಹಾಗೆಯೇ ಆಶಿಸಿದ್ದರು. ಫಿನ್ಲೆಂಡಿನಲ್ಲಿ ಧೂಮಪಾನಿಗಳಾದ 29,133 ಪುರುಷರ ಮೇಲೆ ಬೀಟಾ ಕೆರೋಟಿನ್ ಮತ್ತು ಜೀವಸತ್ವ ಇ ಗುಳಿಗೆಗಳ ಪರೀಕ್ಷೆ ನಡೆಯಿತು. 1994ರಲ್ಲಿ ಹೊರಬಿದ್ದ ಫಲಿತಾಂಶ ಎಲ್ಲರನ್ನೂ ಬೆರಗುಗೊಳಿಸಿತು. ಬೀಟಾ ಕೆರೋಟಿನ್ ಸೇವಿಸಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇಕಡ 18ರಷ್ಟು ಹೆಚ್ಚಾಗಿತ್ತು. ಅಮೆರಿಕದಲ್ಲಿ ಧೂಮಪಾನಿಗಳು ಹಾಗೂ ಕಲ್ನಾರಿನ ಕಾರ್ಮಿಕರ ಮೇಲೆ ಬೀಟಾ ಕೆರೋಟಿನ್ ಮತ್ತು ಜೀವಸತ್ವ ಎ ಗುಳಿಗೆಗಳಿಂದ ನಡೆಯುತ್ತಿದ್ದ ಇನ್ನೊಂದು ಪರೀಕ್ಷೆಯನ್ನು 1996ರಲ್ಲಿ ಅವಧಿಗೆ ಮೊದಲೇ ನಿಲ್ಲಿಸಬೇಕಾಯಿತು. ಅಲ್ಲಿ ಹೆಚ್ಚಳ ಶೇಕಡ 28 ಆಗಿತ್ತು. 2012ರಲ್ಲಿ 78 ಪರೀಕ್ಷೆಗಳನ್ನು ಒಟ್ಟುಗೂಡಿಸಿದ ವಿಮರ್ಶೆಯೊಂದು ಇಂಥ ಗುಳಿಗೆಗಳಿಂದ ಆಯುಷ್ಯ ಹೆಚ್ಚುವುದಕ್ಕೆ ಪುರಾವೆಯಿಲ್ಲವೆಂದೂ, ಬೀಟಾ ಕೆರೋಟಿನ್ ಮತ್ತು ಜೀವಸತ್ವ ಇ ಗುಳಿಗೆಗಳು ಮರಣ ಪ್ರಮಾಣವನ್ನು ಸ್ವಲ್ಪ ಹೆಚ್ಚಿಸುವಂತೆ ತೋರುವುದೆಂದೂ ತಿಳಿಸಿತು.

ಕ್ಯಾರೆಟ್, ಹರಿವೆಗಳಲ್ಲಿ ಹಿತಕರವಾದ ಪದಾರ್ಥವು ಗುಳಿಗೆಯಲ್ಲಿ ಅಹಿತಕರವಾಗುವುದಕ್ಕೆ ಪ್ರಮಾಣ ಹಾಗೂ ಸಾಂಗತ್ಯ ಎರಡೂ ಕಾರಣವಾಗಿರಬಹುದು. ಜೀವಸತ್ವ ಇ ಒಂದು ರಾಡಿಕಲ್ ಕಣವನ್ನು ಶಮನಗೊಳಿಸಿ ತಾನು ಬಳಲಿದಾಗ ಜೀವಸತ್ವ ಸಿ ಅದನ್ನು ಮತ್ತೆ ಚೇತರಿಸುತ್ತದೆ. ಒಂದರ ಕೆಲಸ ಇನ್ನೊಂದನ್ನು ಅವಲಂಬಿಸಿದೆ. ಒಂದನ್ನು ಮಾತ್ರ ಮಿತಿಮೀರಿ ತುಂಬಿದಾಗ ಸಮತೋಲನ ಕೆಡುತ್ತದೆ. ಆದ್ದರಿಂದ ಆರೋಗ್ಯವಂತರು ಉತ್ಕರ್ಷಣ ನಿರೋಧಕವೆಂದು ಮಾರಲಾಗುವ ದುಬಾರಿ ಗುಳಿಗೆ, ಟಾನಿಕ್‌ಗಳಿಗೆ ತಿಂಗಳ ಸಂಬಳದ ಭಾಗವನ್ನು ಸುರಿಯುವುದು ವಿವೇಕವಲ್ಲ. ಅದೇ ಹಣದಲ್ಲಿ ಮನೆಮಂದಿಗೆಲ್ಲ ಸೊಪ್ಪು, ಹಣ್ಣು ತರಬಹುದು.

ಆದರೆ ಇಲ್ಲಿ ತಪ್ಪು ತಿಳಿವಳಿಕೆಗೆ ಎಡೆಯಿರಬಾರದು. ಗರ್ಭಿಣಿಯರಿಗೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ನೀಡುವ ಕಬ್ಬಿಣ ಮತ್ತು ಫೋಲಿಕ್ ಆಮ್ಲದ ಮಾತ್ರೆಗಳು, ಚಿಕ್ಕ ಮಕ್ಕಳಿಗೆ ನೀಡುವ ಜೀವಸತ್ವ ಎ ದ್ರಾವಣ ಇವು ಬೇರೆಯ ವರ್ಗಕ್ಕೆ ಸೇರಿದವು. ಅವು ಸಾಬೀತಾದ ಕೊರತೆಯನ್ನು ತುಂಬಲು, ನಿಗದಿಪಡಿಸಿದ ಪ್ರಮಾಣದಲ್ಲಿ ಕೊಡುವಂಥವು. ಅವುಗಳನ್ನು ತಪ್ಪದೆ ತೆಗೆದುಕೊಳ್ಳಬೇಕು. ವೈದ್ಯರು ಬರೆದುಕೊಟ್ಟ ಯಾವ ಔಷಧಿಯನ್ನೂ ಆಹಾರದ ಮೇಲಿನ ಭರವಸೆಯಿಂದ ನಿಲ್ಲಿಸಕೂಡದು. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ ಸೇವಿಸುವವರು ಹಾಗೂ ಮೂತ್ರಪಿಂಡದ ಬೇನೆಯುಳ್ಳವರು ಸೊಪ್ಪಿನ ಪ್ರಮಾಣದಲ್ಲಿ ಹೆಚ್ಚಿನ ಬದಲಾವಣೆ ಮಾಡುವ ಮುನ್ನ ವೈದ್ಯರ ಸಲಹೆ ಪಡೆಯುವುದು ಸೂಕ್ತ.

ಮಾರುಕಟ್ಟೆಯ ಚೀಲ

ವಿಶ್ವ ಆರೋಗ್ಯ ಸಂಸ್ಥೆಯು ಪ್ರಾಪ್ತ ವಯಸ್ಕರಿಗೆ ದಿನಕ್ಕೆ ಕನಿಷ್ಠ 400 ಗ್ರಾಂ ತರಕಾರಿ ಮತ್ತು ಹಣ್ಣುಗಳನ್ನು ಶಿಫಾರಸು ಮಾಡಿದೆ. ಆಲೂಗಡ್ಡೆ ಮತ್ತು ಇತರ ಪಿಷ್ಟಯುಕ್ತ ಗೆಡ್ಡೆಗಳು ಈ ಲೆಕ್ಕಕ್ಕೆ ಸೇರುವುದಿಲ್ಲ. ವಡಾಪಾವ್, ಬಟಾಟೆ ಭಾಜಿಗಳ ನಗರದಲ್ಲಿ ಇದನ್ನು ವಿಶೇಷವಾಗಿ ಜ್ಞಾಪಕದಲ್ಲಿಡಬೇಕು.

ಜೀವಸತ್ವ ಸಿ ವಿಷಯವನ್ನೇ ತೆಗೆದುಕೊಂಡರೆ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 2020ರಲ್ಲಿ ಪುರುಷರಿಗೆ ದಿನಕ್ಕೆ 80 ಮಿಲಿಗ್ರಾಂ, ಸ್ತ್ರೀಯರಿಗೆ 65 ಮಿಲಿಗ್ರಾಂ ಎಂದು ನಿಗದಿಪಡಿಸಿದೆ. 100 ಗ್ರಾಂ ಸೀಬೆ ಹಣ್ಣಿನಲ್ಲಿ ಸುಮಾರು 200 ಮಿಲಿಗ್ರಾಂ ಇರುತ್ತದೆ. ನೆಲ್ಲಿಕಾಯಿಯಲ್ಲಿ ಇನ್ನೂ ಹೆಚ್ಚು. ರೈಲು ನಿಲ್ದಾಣದ ಹೊರಗೆ ಬುಟ್ಟಿಯಲ್ಲಿ ಮಾರುವ ಒಂದು ಸೀಬೆ ಹಣ್ಣು ಇಬ್ಬರ ಒಂದು ದಿನದ ಅಗತ್ಯವನ್ನು ಪೂರೈಸಬಲ್ಲದು. ದೂರದೇಶದಿಂದ ಬಂದ ಬಣ್ಣದ ಹಣ್ಣುಗಳಿಗೆ ಇದಕ್ಕಿಂತ ಹೆಚ್ಚಿನ ಮಹಿಮೆಯಿಲ್ಲ.

ಸೊಪ್ಪುಗಳ ವಿಷಯದಲ್ಲಿ ಕನ್ನಡ ನಾಡಿನ ಅಡುಗೆ ಸಮೃದ್ಧವಾದದ್ದು. ಮಾಟುಂಗಾದ ಮಾರುಕಟ್ಟೆಯಲ್ಲಿ ದಕ್ಷಿಣದ ತರಕಾರಿಗಳು ಇಂದಿಗೂ ದೊರೆಯುತ್ತವೆ. ಹರಿವೆ, ಬಸಳೆ, ಮೆಂತ್ಯ, ನುಗ್ಗೆ ಸೊಪ್ಪುಗಳು ಕೆರೋಟಿನ್, ರೈಬೊಫ್ಲೇವಿನ್, ಫೋಲಿಕ್ ಆಮ್ಲಗಳ ಆಗರ. ನುಗ್ಗೆ ಮರ ಉಪನಗರಗಳ ಎಷ್ಟೋ ವಸತಿ ಸಂಕೀರ್ಣಗಳ ಆವರಣದಲ್ಲಿಯೇ ಬೆಳೆದಿರುತ್ತದೆ. ಕಾಯಿಯನ್ನು ಕೊಂಡೊಯ್ಯುವವರು ಸೊಪ್ಪನ್ನು ಕಸಕ್ಕೆ ಎಸೆಯುವುದು ವಿಷಾದಕರ. ಮಳೆಗಾಲದಲ್ಲಿ ಠಾಣೆ, ಪಾಲಘರ ಕಡೆಯ ಆದಿವಾಸಿ ಸ್ತ್ರೀಯರು ತಂದು ಮಾರುವ ಟಾಕಳಾ ಎಂಬ ಕಾಡುಸೊಪ್ಪನ್ನು ಅಪರಿಚಿತವೆಂದು ಬಿಡಬೇಕಾಗಿಲ್ಲ. ಅದು ಕನ್ನಡದ ತಗಚೆ. ಆಟಿ ತಿಂಗಳಿನಲ್ಲಿ ತುಳುನಾಡಿನ ಮನೆಗಳಲ್ಲಿ ಅಡುಗೆಯಾಗುವ ತಜಂಕ್ ಅದೇ.

ಕೆರೋಟಿನ್ ಕುಂಬಳಕಾಯಿ, ಪರಂಗಿ ಹಣ್ಣು, ಮಾವುಗಳಲ್ಲಿಯೂ ಇದೆ. ಜೀವಸತ್ವ ಇ ಕಡಲೆಕಾಯಿ ಮತ್ತು ಅಡುಗೆ ಎಣ್ಣೆಗಳಿಂದ ದೊರೆಯುತ್ತದೆ. ಸತು, ಮ್ಯಾಂಗನೀಸ್‌ಗಳಿಗೆ ರಾಗಿ, ಜೋಳ, ಹುರುಳಿ, ಎಳ್ಳು ನೆರವಾಗುತ್ತವೆ. ಮೀನು ಸೇವಿಸುವವರಿಗೆ ಬೂತಾಯಿ, ಬಂಗುಡೆಗಳಂಥ ಅಗ್ಗದ ಮೀನುಗಳು ಪ್ರೋಟೀನಿನೊಡನೆ ಸೆಲೆನಿಯಂ ಒದಗಿಸುತ್ತವೆ. ಕೊಂಕಣ ಹಾಗೂ ಕನ್ನಡ ಕರಾವಳಿ ಎರಡಕ್ಕೂ ಸಾಮಾನ್ಯವಾದ ಪುನರ್ಪುಳಿಯ ಕೆಂಪು ಬಣ್ಣ ಪಾಲಿಫೀನಾಲ್ ವರ್ಗದ್ದು. ಸಕ್ಕರೆ ಮಿತವಾಗಿ ಬೆರೆಸಿದ ಅದರ ಪಾನಕ ಬಾಟಲಿಯ ತಂಪು ಪಾನೀಯಕ್ಕಿಂತ ಎಷ್ಟೋ ಮೇಲು. ಅರಿಸಿನವು ಒಗ್ಗರಣೆಯ ಚಿಟಿಕೆಯಾಗಿ ಇರಲಿ. ಅದರ ಸಾರವು ಕರುಳಿನಿಂದ ರಕ್ತಕ್ಕೆ ಸೇರುವುದು ಅತ್ಯಲ್ಪವಾದ್ದರಿಂದ ಪವಾಡವನ್ನು ನಿರೀಕ್ಷಿಸಬೇಕಾಗಿಲ್ಲ.

ಅಡುಗೆ ಮನೆಯಲ್ಲಿ

ತಂದ ಪೋಷಕಾಂಶ ಬಚ್ಚಲಿಗೆ ಹರಿದುಹೋಗದಂತೆ ನೋಡಿಕೊಳ್ಳುವುದೂ ಮುಖ್ಯ. ನಗರದ ರೈಲು ಹಳಿಗಳ ಬದಿಯಲ್ಲಿ ಕೊಳಚೆ ನೀರಿನಿಂದ ಸೊಪ್ಪು ಬೆಳೆಯುವ ಬಗ್ಗೆ ಪತ್ರಿಕೆಗಳಲ್ಲಿ ದೂರುಗಳು ಪ್ರಕಟವಾಗಿವೆ. ಆದುದರಿಂದ ಸೊಪ್ಪನ್ನು ಬಿಡಿಸಿ ಎರಡು ಮೂರು ಬಾರಿ ಶುದ್ಧ ನೀರಿನಲ್ಲಿ ತೊಳೆದು, ಚೆನ್ನಾಗಿ ಬೇಯಿಸಿಯೇ ತಿನ್ನಬೇಕು. ತೊಳೆದ ನಂತರ ಹೆಚ್ಚಬೇಕೇ ಹೊರತು ಹೆಚ್ಚಿದ ನಂತರ ತೊಳೆಯಬಾರದು. ಸ್ವಲ್ಪವೇ ನೀರಿನಲ್ಲಿ, ಮುಚ್ಚಳ ಮುಚ್ಚಿ, ಬೇಗನೆ ಬೇಯಿಸುವುದು ಲೇಸು. ಬೆಂದ ನೀರನ್ನು ಚೆಲ್ಲದೆ ಸಾರಿಗೆ ಬಳಸಬಹುದು. ಬಸ್ಸಾರಿನ ಪದ್ಧತಿ ಈ ದೃಷ್ಟಿಯಿಂದ ಅನುಕರಣೀಯ. ಬಣ್ಣ ಉಳಿಯಲೆಂದು ಅಡುಗೆ ಸೋಡಾ ಹಾಕಿದರೆ ಜೀವಸತ್ವಗಳು ನಾಶವಾಗುತ್ತವೆ. ಕೆರೋಟಿನ್ ದೇಹಗತವಾಗಲು ಒಂದು ಚಮಚ ಎಣ್ಣೆ ಅಥವಾ ತೆಂಗಿನ ತುರಿ ಬೇಕು. ನಿಂಬೆಯ ರಸವನ್ನು ಪಾತ್ರೆ ಒಲೆಯಿಂದ ಇಳಿಸಿದ ಮೇಲೆ ಹಿಂಡಬೇಕು. ಹೆಸರು, ಹುರುಳಿಗಳನ್ನು ಮೊಳಕೆ ಬರಿಸಿದರೆ ಮೊದಲಿಲ್ಲದ ಜೀವಸತ್ವ ಸಿ ಅವುಗಳಲ್ಲಿ ಉಂಟಾಗುತ್ತದೆ. ಊಟದ ಜೊತೆಗೇ ಚಹ ಕುಡಿದರೆ ಆಹಾರದ ಕಬ್ಬಿಣವು ದೇಹಕ್ಕೆ ಸೇರುವುದು ಕಡಿಮೆಯಾಗುತ್ತದೆ; ನಡುವೆ ಒಂದು ಗಂಟೆಯ ಅಂತರವಿರಲಿ.

ಕೊನೆಯ ತಟ್ಟೆ

ಕೊನೆಯದಾಗಿ, ಈ ಎಲ್ಲ ಮಾತುಗಳ ತಿರುಳು ಯಾರ ತಟ್ಟೆಗೆ ಏನು ಬೀಳುತ್ತದೆ ಎಂಬುದರಲ್ಲಿದೆ. ಡೊಂಬಿವಲಿಯ ಎರಡು ಕೋಣೆಗಳ ಒಂದು ಮನೆಯನ್ನು ಊಹಿಸಿಕೊಳ್ಳಬಹುದು. ನಸುಕಿನಲ್ಲಿ ಎದ್ದ ಗೃಹಿಣಿ ಗಂಡನಿಗೆ, ಮಕ್ಕಳಿಗೆ ಡಬ್ಬಿ ಕಟ್ಟುತ್ತಾಳೆ. ಪಲ್ಯ ಡಬ್ಬಿಗಳಲ್ಲಿ ಮುಗಿಯುತ್ತದೆ. ಹಾಲು ಮಕ್ಕಳಿಗೆ, ಹಣ್ಣು ಹಿರಿಯರಿಗೆ ಸಲ್ಲುತ್ತದೆ. ಅವಳ ಪಾಲಿಗೆ ಉಳಿಯುವುದು ಹಿಂದಿನ ರಾತ್ರಿಯ ಅನ್ನ, ತೆಳು ಸಾರು, ಒಂದು ಲೋಟ ಚಹ. ಮನೆಯಲ್ಲಿ ಸೊಪ್ಪು ಬೇಯುತ್ತದೆ. ಬೇಯಿಸಿದವಳ ದೇಹಕ್ಕೆ ಅದು ಸೇರುವುದಿಲ್ಲ. ಹೋಟೆಲಿನಲ್ಲಿ ದುಡಿಯುವ ಹುಡುಗನ ಸ್ಥಿತಿಯೂ ಇದಕ್ಕೆ ಹತ್ತಿರದ್ದು. ನೂರಾರು ಜನರಿಗೆ ಊಟ ಬಡಿಸಿ, ಮಧ್ಯಾಹ್ನ ಕಳೆದ ಮೇಲೆ ಉಳಿದದ್ದನ್ನು ಅವಸರದಲ್ಲಿ ಉಣ್ಣುವ ಅವನಿಗೆ ಹಣ್ಣು ಎಂಬುದು ಗಿರಾಕಿಯ ಪದಾರ್ಥ.

ಸರಸ್ ಯೋಜನೆಯು ತೋರಿಸಿದ್ದು ಇದನ್ನೇ. ತಾಯಿಯಾಗುವವಳ ದೇಹ ತುಂಬಿಕೊಳ್ಳಬೇಕಾದದ್ದು ಆಸ್ಪತ್ರೆಯ ಬಾಗಿಲಲ್ಲಿ ಅಲ್ಲ, ಅದಕ್ಕೆ ಬಹಳ ಮೊದಲು, ಮನೆಯ ಒಲೆಯ ಮುಂದೆ. ಆದುದರಿಂದ ಪ್ರತಿ ಮನೆಯಲ್ಲಿಯೂ ಒಂದು ಸಣ್ಣ ನಿಯಮ ಬರಲಿ. ಡಬ್ಬಿ ಕಟ್ಟುವ ಮೊದಲೇ ಅಡುಗೆ ಮಾಡಿದವಳ ಪಾಲಿನ ಸೊಪ್ಪನ್ನು, ಹಣ್ಣನ್ನು ತೆಗೆದು ಬೇರೆಯಿಡಬೇಕು. ಹೋಟೆಲು ನಡೆಸುವವರು ಕೆಲಸಗಾರರ ಊಟದಲ್ಲಿ ದಿನಕ್ಕೊಂದು ಸೊಪ್ಪು, ಒಂದು ಹಣ್ಣು ಸೇರಿಸಬೇಕು. ಅಂಗನವಾಡಿಯಲ್ಲಿ ಮಕ್ಕಳಿಗೆ, ಗರ್ಭಿಣಿಯರಿಗೆ ಮತ್ತು ಬಾಣಂತಿಯರಿಗೆ ದೊರೆಯುವ ಪೂರಕ ಆಹಾರವನ್ನು ಸಂಕೋಚವಿಲ್ಲದೆ ಪಡೆಯಬೇಕು. 1975ರಲ್ಲಿ ಆರಂಭವಾದ ಈ ವ್ಯವಸ್ಥೆ ಯಾರ ದಾನವೂ ಅಲ್ಲ, ಅದು ಅವರ ಹಕ್ಕು.

ಕಿಟಕಿಯ ಸರಳಿಗೆ ಬಣ್ಣ ಬಳಿಯಲು ಮಳೆಗಾಲ ಮುಗಿಯುವವರೆಗೆ ಕಾಯಬಹುದು. ದೇಹದ ಲೇಪವನ್ನು ಬಳಿಯಬೇಕಾದದ್ದು ಪ್ರತಿದಿನ, ಪ್ರತಿಯೊಬ್ಬರ ತಟ್ಟೆಯಲ್ಲಿ. ಅದಕ್ಕೆ ಬೇಕಾದ ಸಾಮಗ್ರಿ ಔಷಧಿ ಅಂಗಡಿಯ ಗಾಜಿನ ಕಪಾಟಿನಲ್ಲಿಲ್ಲ. ನಿಲ್ದಾಣದಿಂದ ಮನೆಗೆ ಹೋಗುವ ದಾರಿಯಲ್ಲಿ ಬುಟ್ಟಿ ಇಟ್ಟುಕೊಂಡು ಕುಳಿತವರ ಬಳಿ ಇದೆ. ಇಂದು ಸಂಜೆ ಮನೆಗೆ ಮರಳುವಾಗ ಪ್ರತಿಯೊಬ್ಬರ ಚೀಲದಲ್ಲಿಯೂ ಒಂದು ಕಟ್ಟು ಸೊಪ್ಪು ಇದ್ದರೆ ಈ ಭಾಷಣದ ಉದ್ದೇಶ ಸಾರ್ಥಕವಾದಂತೆ.